ಕಂಡಕ್ಟರು ಮುಟ್ಟಿಸದ ಮಾತು

ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ದಿನ ನಾನು ಬಹಳ ಖುಷಿಯಲ್ಲಿದ್ದೆ. ಇನ್ನು ಮೇಲೆ ಯಾರನ್ನೂ ಮುಂದೆ ಹೋಗಿ ಎನ್ನಬೇಕಾಗಿಲ್ಲ, ಯಾರ ಹತ್ತಿರವೂ ಬಾಯಿ ನೋಯಿಸಿಕೊಳ್ಳಬೇಕಾಗಿಲ್ಲ, ಹೆಂಡತಿ ಕೊಟ್ಟ ಚಹಾ ಕುಡಿದು ಕಾಲು ಚಾಚಿಕೊಂಡು ಕೂತರಾಯಿತು ಎಂದು ಲೆಕ್ಕ ಹಾಕಿದ್ದೆ. ನಮ್ಮ ಮನೆಯ ಮೆಟ್ಟಿಲೇ ಹೊಸ ರೂಟು ಆಗಿ ನನಗಾಗಿ ಕಾಯುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ನಮ್ಮದು ಎರಡಂತಸ್ತಿನ ಹಳೆಯ ಮನೆ. ಕೆಳಗೆ ಬೀದಿ ಕಡೆಗೆ ನನ್ನ ಹೆಂಡತಿಯ ಬೈಂಡಿಂಗ್ ಅಂಗಡಿ, ಅದರ ಹಿಂದೆ ಅಡುಗೆಮನೆ, ಒಂದು ಕೋಣೆ. ಅಂಗಡಿಯೊಳಗೆ ಕಾಲಿಟ್ಟರೆ ಅಂಟಿನ ಹುಳಿ ವಾಸನೆ, ಕತ್ತರಿಸಿದ ಕಾಗದದ ಚೂರು, ಗೋಡೆಗೆ ಒರಗಿಸಿದ ರಟ್ಟು. ಮಹಡಿಯ ಮೇಲೆ ಅವಳ ಅಕ್ಕ. ಮದುವೆ ಮಾಡಿಕೊಳ್ಳದೆ ಪುಸ್ತಕಗಳ ಜೊತೆಗೇ ಸಂಸಾರ ಹೂಡಿದ ಹೆಂಗಸು. ಪಾಸ್ಟರುಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಗ್ರೀಕ್ ಕಲಿಸುತ್ತಾರೆ. ಬೀದಿಯವರೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಾರೆ. ನಾನು ಅಕ್ಕ ಎನ್ನುತ್ತೇನೆ. ಅವರು ನನ್ನನ್ನು, ಕೆಲಸ ಬಿಟ್ಟು ಇಷ್ಟು ದಿನವಾದರೂ, ಕಂಡಕ್ಟ್ರೇ ಎಂದೇ ಕರೆಯುತ್ತಾರೆ.

ಅಕ್ಕ ತಂಗಿ ಇಬ್ಬರಿಗೂ ಹೋದ ವರ್ಷದಿಂದ ಮಾತಿಲ್ಲ.

ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅಕ್ಕನ ಹತ್ತಿರ ಒಂದು ಗ್ರೀಕ್ ಹೊಸ ಒಡಂಬಡಿಕೆ, ಅಂದರೆ ಬೈಬಲ್ಲಿನ ಎರಡನೇ ಭಾಗ, ಇತ್ತು. ಓದುವ ದಿನಗಳಿಂದ ಇಟ್ಟುಕೊಂಡಿದ್ದು. ಹೊಲಿಗೆ ಬಿಚ್ಚಿ, ಅಂಚು ನಾರು ನಾರಾಗಿ, ಕೈಗೆತ್ತಿಕೊಂಡರೆ ಹಾಳೆ ಉದುರುತ್ತಿತ್ತು. ಅಕ್ಕನ ಹುಟ್ಟುಹಬ್ಬಕ್ಕೆ ಏನಾದರೂ ಮಾಡಬೇಕೆಂದು ನನ್ನ ಹೆಂಡತಿ ಅವರು ಊರಲ್ಲಿಲ್ಲದಾಗ ಅದನ್ನು ಸದ್ದಿಲ್ಲದೆ ಕೆಳಗೆ ತಂದಳು. ಹೊಸದಾಗಿ ಹೊಲಿದಳು. ಹರಕು ಅಂಚನ್ನು ಕಟಿಂಗ್ ಮಷೀನಿಗೆ ಕೊಟ್ಟು ನುಣ್ಣಗೆ ಕತ್ತರಿಸಿದಳು. ಅಂಚಿಗೆ ಚಿನ್ನದ ಬಣ್ಣ ಬೇರೆ. ಅಕ್ಕ ಬಂದು ಪುಸ್ತಕ ತೆರೆದರು. ಪುಟದ ಪಕ್ಕದ ಬಿಳಿ ಜಾಗದಲ್ಲಿ ಅವರು ಆಯುಷ್ಯವಿಡೀ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳು ಇದ್ದವಲ್ಲ, ಅವುಗಳಲ್ಲಿ ಪ್ರತಿ ಸಾಲಿನ ಬಾಲವೂ ಕತ್ತರಿಸಿ ಹೋಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ಇದು ಪ್ರೀತಿಯಲ್ಲಿ ಕೊಯ್ದ ಮೂಗು. ಅದೂ ಬರಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಸಂಜೆಗೆ ಸರಿಹೋಗುತ್ತಿತ್ತು. ಪುಸ್ತಕ ಮುಚ್ಚಿ, "ಒಂದು ಮಾತು ಕೇಳಬಹುದಿತ್ತು" ಎಂದು ಮೇಲೆ ಹೋದರು. ನನ್ನ ಹೆಂಡತಿ, "ಅಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಇದಾ ಬೆಲೆ?" ಎಂದು ಕೆಳಗೆ ಉಳಿದಳು. ಅಂದಿನಿಂದ ಮೇಲಿನದು ಮೇಲೆ, ಕೆಳಗಿನದು ಕೆಳಗೆ. ನಡುವೆ ನಾನು, ಟಿಕೆಟ್ಟಿಲ್ಲದ ಬಸ್ಸು.

"ರೀ, ನೀರಿನ ಮೋಟಾರು ಹಾಕಿದ್ದೀನಿ, ಮೇಲಿನ ನಲ್ಲಿ ನಿಲ್ಲಿಸೋಕೆ ಹೇಳಿ ಅವಳಿಗೆ."

ಮೇಲೆ ಹೋಗಿ ಹೇಳುತ್ತಿದ್ದೆ. "ನಿಲ್ಲಿಸಿ ಆಗ್ಲೇ ಎಷ್ಟೋ ಹೊತ್ತಾಯ್ತು ಅಂತ ಹೇಳಿ ಅವಳಿಗೆ" ಎಂಬ ಉತ್ತರದೊಂದಿಗೆ ಇಳಿಯುತ್ತಿದ್ದೆ. ಅಕ್ಕನ ಬಾಯಲ್ಲಿ ತಂಗಿಯೂ 'ಅವಳು', ತಂಗಿಯ ಬಾಯಲ್ಲಿ ಅಕ್ಕನೂ 'ಅವಳು'. ಒಬ್ಬರಿಗೊಬ್ಬರು ಕೇಳಿಸುವ ಹಾಗೆಯೇ ಇದನ್ನೆಲ್ಲ ಹೇಳುತ್ತಿದ್ದರು. ಆದರೂ ನಾನು ಹತ್ತಿ ಇಳಿಯಲೇಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಅಕ್ಕ ತಂಗಿಯರ ಜಗಳದಲ್ಲಿ ಬಡವಾಗಿದ್ದು ನನ್ನ ಮಂಡಿ. ಕೊನೆಗೊಂದು ದಿನ ಉಪ್ಪಿನ ಡಬ್ಬಿಯ ವಿಷಯವಾಗಿ ಏನೋ ಖಾರದ ಮಾತು ಹೊತ್ತು ಇಳಿಯುತ್ತಾ ಕಾಲು ಜಾರಿ, ಬಲಗೈ ಮಣಿಕಟ್ಟು ಮುರಿದುಕೊಂಡೆ. ಡಾಕ್ಟರು ಮೊಣಕೈವರೆಗೂ ಪ್ಲಾಸ್ಟರ್ ಹಾಕಿದರು. "ಹೇಗೆ ಬಿದ್ರಿ?" ಎಂದರು. "ಡ್ಯೂಟಿಯಲ್ಲಿ" ಎಂದೆ.

ಅಷ್ಟರಲ್ಲೇ ಚರ್ಚಿನ ದೊಡ್ಡ ಬೈಬಲ್ ನಮ್ಮ ಅಂಗಡಿಗೆ ಬಂದಿದ್ದು.

ಅದು ಸಾಮಾನ್ಯ ಪುಸ್ತಕವಲ್ಲ. ಭಾನುವಾರ ಭಾನುವಾರ ಪೀಠದ ಮೇಲಿಟ್ಟು ಓದುವುದು. ಒಬ್ಬರೇ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಅದಕ್ಕೆ ಮೊದಲು ಚರ್ಮದ ಹೊದಿಕೆ ಹಾಕಿದ್ದವರು ನನ್ನ ಮಾವ, ಇದೇ ಅಂಗಡಿಯಲ್ಲಿ, ಇದೇ ಮೇಜಿನ ಮೇಲೆ. ಈಗ ಅದರ ಬೆನ್ನು ಒಡೆದು ಸಿಪ್ಪೆ ಏಳುತ್ತಿತ್ತು. ಕಮಿಟಿಯವರು ಹೊಸ ಬೈಬಲ್ ತರಿಸಿ ಇಟ್ಟುಕೊಂಡಿದ್ದರು. ಪಾಸ್ಟರು ಒಳ್ಳೆಯ ಮನುಷ್ಯ. ನನ್ನ ಹೆಂಡತಿಯ ಹತ್ತಿರ ಬಂದು, "ನೋಡಮ್ಮ, ನಿಮ್ಮ ತಂದೆ ಮಾಡಿದ್ದು ಅಂತ ಒಂದು ಅವಕಾಶ ಕೇಳಿಕೊಂಡು ಬಂದಿದ್ದೀನಿ. ಬರೋ ತಿಂಗಳ ಮೊದಲ ಭಾನುವಾರಕ್ಕೆ ಸರಿ ಆದ್ರೆ ಇದೇ ಪೀಠದ ಮೇಲಿರುತ್ತೆ. ಆಗ್ಲಿಲ್ಲ ಅಂದ್ರೆ ಬೀರು ಸೇರುತ್ತೆ. ಬೀರು ಸೇರಿದ್ದು ಮತ್ತೆ ಹೊರಗೆ ಬರಲ್ಲ, ನಿಮಗೆ ಗೊತ್ತಲ್ಲ" ಎಂದರು.

ಅವಳು ಆಗಲೇ ಹಟ ಹಿಡಿದಳು. ಅಪ್ಪನ ಪುಸ್ತಕ ಬೀರು ಸೇರಬಾರದು. ಚರ್ಮ ಹದ ಮಾಡುವವನಿಗೆ ಹೇಳಿ, ಕಾದು, ಬೇಡಿ, ಗಾಯದ ಗುರುತಿಲ್ಲದ ಒಂದೇ ಒಂದು ದೊಡ್ಡ ಕಂದು ಚರ್ಮ ತರಿಸಿದಳು. ಅಂಥದ್ದು ಇನ್ನೊಂದು ಬೇಕೆಂದರೆ ಮುಂದಿನ ವರ್ಷದ ಮಾತು. ರಾತ್ರಿ ಹಗಲು ಅದರ ಅಂಚನ್ನು ಚೂರಿಯಿಂದ ಕೆರೆದು ತೆಳ್ಳಗೆ ಮಾಡಿದಳು. ಹಾಳೆ ಹೊಲಿದು, ರಟ್ಟು ಕಟ್ಟಿ, ಬೆನ್ನಿಗೆ ಹುರಿ ಕೂರಿಸಿ ಎಲ್ಲ ತಯಾರು ಮಾಡಿದಳು. ಉಳಿದದ್ದು ಚರ್ಮ ಹೊದಿಸುವುದು ಮಾತ್ರ.

ಆ ಭಾನುವಾರ ಪೀಠದಲ್ಲಿ ಮಾತಾಡುವವರು ಯಾರು? ನಮ್ಮ ಟೀಚರಮ್ಮನೇ. ಹೀಗಾಗಿ ಅದೇ ವಾರ ಕೆಳಗೆ ತಂಗಿ ಬೈಬಲ್ಲಿನ ಬೆನ್ನು ಸರಿ ಮಾಡುತ್ತಿದ್ದಳು, ಮೇಲೆ ಅಕ್ಕ ಅದರೊಳಗಿನ ಒಂದು ಪದ ಹಿಡಿದು ಕೂತಿದ್ದರು. ಆ ಪದದ ಮೇಲಿನ ಟಿಪ್ಪಣಿಗಳ ಬಾಲವೂ ಹೋಗಿತ್ತಾದ್ದರಿಂದ ಎಲ್ಲವನ್ನೂ ನೆನಪಿನಿಂದಲೇ ಕಟ್ಟಬೇಕಾಗಿತ್ತು. ಮಾತು ಒಪ್ಪಿಸಲು ಒಬ್ಬ ಕೇಳುಗ ಬೇಕಲ್ಲ, ನನ್ನನ್ನು ಹಿಡಿದರು.

"ನನ್ನ ವಿದ್ಯಾರ್ಥಿಗಳು ಅರ್ಥ ಆಗದಿದ್ರೂ ತಲೆ ಆಡಿಸ್ತಾರೆ ಕಂಡಕ್ಟ್ರೇ. ನಿಮಗೆ ಅರ್ಥ ಆಯ್ತು ಅಂದ್ರೆ ಚರ್ಚಿನಲ್ಲಿ ಯಾರಿಗೆ ಬೇಕಾದ್ರೂ ಆಗುತ್ತೆ."

ಇದು ಹೊಗಳಿಕೆಯಲ್ಲ ಎಂದು ನನಗೆ ಗೊತ್ತು. ಆದರೂ ಪ್ಲಾಸ್ಟರ್ ಕೈ ತೊಡೆಯ ಮೇಲಿಟ್ಟುಕೊಂಡು ಕೂತೆ. ಅಕ್ಕ ತಲೆಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಎದ್ದು ನಿಂತರು.

"ಪದ ಯಾವುದು ಗೊತ್ತಾ? ಸುನಾಂತಿಲಂಬಾನೊಮಾಯ್."

"ಅಯ್ಯೋ ಅಕ್ಕಾ, ಇಷ್ಟುದ್ದದ ಸ್ಟಾಪಿನ ಹೆಸರು ಕೂಗಿ ಮುಗಿಸೋದ್ರೊಳಗೆ ಬಸ್ಸು ಮುಂದಿನ ಸ್ಟಾಪಿಗೆ ಹೋಗಿರುತ್ತೆ."

ಅವರು ನಕ್ಕರು. ಅವರ ನಗು ಬಲು ಚೆಂದ, ತಂಗಿಯದೇ ನಗು. "ಸಹಾಯ ಮಾಡು ಅಂತ ಅರ್ಥ. ಸಹಾಯಕ್ಕೆ ಗ್ರೀಕಿನಲ್ಲಿ ಬೇರೆ ಪದಗಳೂ ಇವೆ. ಕೂಗು ಕೇಳಿ ಓಡಿ ಬರೋದಕ್ಕೆ ಒಂದಿದೆ. ಆದ್ರೆ ಇದು ಸ್ವಲ್ಪ ಬೇರೆ. ಸುನ್ ಅಂದ್ರೆ ಜೊತೆಗೆ. ಆಂತಿ ಅಂದ್ರೆ ಎದುರಿಗೆ. ಉಳಿದದ್ದು ಹಿಡಿಯೋದು. ಪದ ಸೀಳಿ ನೋಡಿದ ತಕ್ಷಣ ಅರ್ಥ ಸಿಕ್ಕಿಬಿಡ್ತು ಅಂತ ನಂಬಬಾರದು, ನಮ್ಮ ಪಾಸ್ಟರುಗಳೆಲ್ಲ ಜಾರಿಬೀಳೋದೇ ಅಲ್ಲಿ. ಎಲ್ಲೆಲ್ಲಿ ಬಳಸಿದ್ದಾರೆ ಅಂತ ನೋಡ್ಬೇಕು. ನೋಡಿದ್ರೆ, ಇಲ್ಲಿ ನಿಜವಾಗ್ಲೂ ಹಾಗೇ ಇದೆ. ಭಾರ ಒಂದು, ತುದಿ ಎರಡು. ಒಂದು ತುದಿ ನೀವು ಹಿಡಿದಿದ್ದೀರಿ. ಇನ್ನೊಬ್ಬರು ಬಂದು ಇನ್ನೊಂದು ತುದಿ ಹಿಡೀತಾರೆ."

ನನಗೆ ಬಸ್ಸಿನ ಟಾಪಿಗೆ ಮಂಚ ಏರಿಸಿದ್ದು ನೆನಪಾಯಿತು. ಹೇಳಿದೆ. ಅಕ್ಕನಿಗೆ ಖುಷಿಯಾಯಿತು.

"ಹಾಂ, ಅದೇ! ಹಳೆ ಒಡಂಬಡಿಕೆಯನ್ನ ಗ್ರೀಕಿಗೆ ತಂದವರು ಮೋಶೆಯ ಕಥೆಯಲ್ಲಿ ಈ ಪದ ಹಾಕಿದ್ದಾರೆ. ಅವನೊಬ್ಬನೇ ಜನರ ನ್ಯಾಯವನ್ನೆಲ್ಲ ಬೆಳಗಿಂದ ಸಂಜೆವರೆಗೂ ಕೇಳ್ತಾ ಕೂತಿದ್ದ. ಅವನ ಮಾವ ಬಂದು, ಹೀಗೆ ಮಾಡಿದ್ರೆ ಸವೆದುಹೋಗ್ತೀಯಪ್ಪ, ನಿನ್ನ ಜೊತೆ ಹೊರೋಕೆ ಜನ ಇಟ್ಟುಕೋ ಅಂತ ಬುದ್ಧಿ ಹೇಳಿದ. ಹೊಸ ಒಡಂಬಡಿಕೆಗೆ ಬಂದ್ರೆ ಎರಡೇ ಎರಡು ಕಡೆ. ಒಂದು ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ. ನಮಗೆ ಬಲ ಇಲ್ಲದಾಗ, ಏನು ಬೇಡಿಕೊಳ್ಬೇಕು ಅಂತಾನೂ ತಿಳೀದಾಗ, ಪವಿತ್ರಾತ್ಮ ಬಂದು ನಮ್ಮ ಜೊತೆ ಕೈ ಹಾಕುತ್ತೆ ಅಂತ. ನಮ್ಮನ್ನ ಪಕ್ಕಕ್ಕೆ ಕೂರಿಸಿ ತಾನೇ ಹೊತ್ತುಕೊಂಡು ಹೋಗಲ್ಲ. ನಮ್ಮ ತುದಿ ನಾವು ಬಿಡೋ ಹಾಗಿಲ್ಲ."

"ಇನ್ನೊಂದು?"

"ಇನ್ನೊಂದು ಮಾರ್ಥಳ ಕಥೆ. ಗೊತ್ತಲ್ಲ, ಮನೆಗೆ ಯೇಸು ಬಂದಿದ್ದಾನೆ. ಅಕ್ಕ ಮಾರ್ಥ ಅಡುಗೆಮನೆಯಲ್ಲಿ ಒದ್ದಾಡ್ತಿದ್ದಾಳೆ. ತಂಗಿ ಮರಿಯ ಅವನ ಕಾಲ ಹತ್ತಿರ ಕೂತು ಮಾತು ಕೇಳ್ತಿದ್ದಾಳೆ. ಮಾರ್ಥಗೆ ಸಿಟ್ಟು ಬಂತು. ಬಂದು ಅತಿಥಿಗೇ ಹೇಳ್ತಾಳೆ, ನನ್ನ ತಂಗಿ ನನ್ನೊಬ್ಬಳ ಮೇಲೇ ಕೆಲಸ ಬಿಟ್ಟಿದ್ದಾಳೆ, ನಿನಗೆ ಏನೂ ಅನ್ನಿಸಲ್ವಾ? ನನ್ನ ಜೊತೆ ಕೈ ಹಾಕು ಅಂತ ಅವಳಿಗೆ ಹೇಳು."

ಹೇಳು ಅವಳಿಗೆ. ನನ್ನ ಕಿವಿ ನೆಟ್ಟಗಾಯಿತು.

"ತಂಗಿ ಅಲ್ಲೇ ಇದ್ಲಾ?"

"ಅಲ್ಲೇ, ಪಕ್ಕದಲ್ಲೇ."

"ಮತ್ತೆ ನೇರವಾಗಿ ಅವಳಿಗೇ ಹೇಳೋದಲ್ವಾ?"

ಅಕ್ಕ ತಲೆಯಿಂದ ಪೆನ್ಸಿಲ್ ತೆಗೆದು ಅದರ ಮೊನೆ ನೋಡಿದರು. "ಅದು... ಆ ಕಾಲದ ಪದ್ಧತಿ ಇರ್ಬಹುದು" ಎಂದರು. ಗ್ರೀಕ್ ಬಂದರೂ ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಯೇಸು ಆ ಮಾತು ಮುಟ್ಟಿಸಿದನಾ?"

"ಇಲ್ಲ. ಅವನು ಮಾರ್ಥಳ ಹತ್ತಿರವೇ ಮಾತಾಡಿದ. ಮರಿಯಗೆ ಏನೂ ಹೇಳಿದ ಹಾಗಿಲ್ಲ."

ಬುದ್ಧಿವಂತ ಎಂದುಕೊಂಡೆ. ಒಂದು ವರ್ಷ ಹತ್ತಿ ಇಳಿದ ನನಗೆ ಹೊಳೆಯದೆ ಹೋದದ್ದು ಇದು.

ಗುರುವಾರ ಬಂತು. ಹೊದಿಸಿದ ಚರ್ಮ ಭಾನುವಾರದವರೆಗೆ ಭಾರದ ಕೆಳಗೆ ಒಣಗಬೇಕು. ಹಾಗಾಗಿ ಗುರುವಾರ ತಪ್ಪಿದರೆ ಎಲ್ಲ ತಪ್ಪಿದ ಹಾಗೆ. ಚರ್ಮ ಹೊದಿಸುವ ಕೆಲಸ ಹೇಗೆಂದರೆ, ಪುಸ್ತಕವನ್ನು ಬೆನ್ನು ಮೇಲಾಗಿ ಮೇಜಿನ ಮೇಲೆ ನಿಲ್ಲಿಸಬೇಕು. ಅಂಟು ಕುಡಿದು ಮೆತ್ತಗಾದ ಚರ್ಮವನ್ನು ಅದರ ಮೇಲೆ ಹಾಸಬೇಕು. ಆಮೇಲೆ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಂತು, ಅಂಗೈಯಿಂದ ಒಂದೇ ಬಿಗಿಯಲ್ಲಿ ಕೆಳಕ್ಕೆಳೆದು ಹಿಡಿಯಬೇಕು. ಅಂಟು ಕಚ್ಚುವವರೆಗೆ ಬಿಡುವಂತಿಲ್ಲ. ಒಬ್ಬರು ಹೆಚ್ಚು ಎಳೆದರೆ ಬೆನ್ನು ಸೊಟ್ಟ. ಒಬ್ಬರು ಬಿಟ್ಟರೆ ಸುಕ್ಕು. ಸಣ್ಣ ಪುಸ್ತಕವಾದರೆ ಒಬ್ಬಳೇ ಮಾಡುತ್ತಾಳೆ. ದೊಡ್ಡದಕ್ಕೆ ಎದುರಿಗೆ ನಾನು ನಿಲ್ಲುತ್ತಿದ್ದೆ. ನನ್ನ ಕೈ ಈಗ ಸುಣ್ಣದ ಕಂಬ.

"ಪಕ್ಕದ ಟೈಲರನ್ನ ಕರೀಲಾ?" ಎಂದೆ.

"ಚರ್ಮ ಹಿಡಿಯೋದು ಅಂದ್ರೆ ಬಟ್ಟೆ ಹಿಡಿದ ಹಾಗಾ? ಅವನ ಉಗುರು ನೋಡಿದ್ದೀರಾ?"

"ಹಾಗಾದ್ರೆ..." ಎಂದು ನಾನು ಮಹಡಿ ಕಡೆ ಕಣ್ಣು ಎತ್ತಿದೆ. ಚಿಕ್ಕಂದಿನಲ್ಲಿ ಮಾವ ಇಬ್ಬರು ಹೆಣ್ಣುಮಕ್ಕಳನ್ನೂ ಇದೇ ಮೇಜಿನ ಎದುರುಬದುರು ಸ್ಟೂಲಿನ ಮೇಲೆ ನಿಲ್ಲಿಸಿ ಚರ್ಮ ಹಿಡಿಸುತ್ತಿದ್ದರಂತೆ. ಅಕ್ಕನ ಕೈ ತಂಗಿಯ ಕೈಗಿಂತ ಹದವಾಗಿತ್ತಂತೆ. ಇದನ್ನು ನನಗೆ ಹೇಳಿದ್ದು ತಂಗಿಯೇ, ಮಾತಿದ್ದ ಕಾಲದಲ್ಲಿ.

"ಒಬ್ಬಳೇ ಮಾಡ್ತೀನಿ" ಎಂದಳು. ಮೂಗಿನ ತುದಿಯಲ್ಲೇ ಕೋಪ.

ಒಂದು ಕಡೆ ಹಲಗೆ ಒತ್ತಿ ಇಸ್ತ್ರಿಪೆಟ್ಟಿಗೆಗಳನ್ನು ಭಾರಕ್ಕಿಟ್ಟಳು. ಚರ್ಮಕ್ಕೆ ಅಂಟು ಬಳಿದಳು, ಮಡಿಸಿಟ್ಟಳು, ಮತ್ತೆ ಬಳಿದಳು. ಪುಸ್ತಕದ ಬೆನ್ನಿಗೆ ಹಾಸಿದಳು. ಈ ಕಡೆಯಿಂದ ಎಳೆದಳು. ಆ ಕಡೆಯ ಹಲಗೆ ಮೆಲ್ಲಗೆ ಜಾರಿತು. ಅದನ್ನು ಸರಿ ಮಾಡಲು ಹೋದರೆ ಈ ಕಡೆ ಸಡಿಲ. ಓಡಿ ಈಚೆ ಬಂದರೆ ಆಚೆ ಸುಕ್ಕು. ಮೇಜಿನ ಸುತ್ತ ಹೀಗೆ ಓಡಾಡಿ ಅವಳ ಮುಖ ಕೆಂಪಾಯಿತು. ನಾನು ಎಡಗೈ ಹಾಕಲು ಹೋದೆ.

"ದೂರ! ದೂರ! ಪ್ಲಾಸ್ಟರ್ ತಾಗಿದ್ರೆ ಗೀರು ಬೀಳುತ್ತೆ!"

ಹಿಂದೆ ಸರಿದೆ. ಅಂಟು ತನ್ನ ಪಾಡಿಗೆ ಆರುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಚರ್ಮ ಸೊಟ್ಟಗೇ ಕಚ್ಚಿಕೊಂಡುಬಿಡುತ್ತದೆ; ಆಮೇಲೆ ಕಿತ್ತರೆ ಹರಿಯುತ್ತದೆ. ಅವಳು ಎರಡೂ ಕೈ ಚಾಚಿ, ಪುಸ್ತಕವನ್ನು ತಬ್ಬಿಕೊಂಡ ಹಾಗೆ ನಿಂತು, ಎರಡು ಕಡೆಯನ್ನೂ ಒಬ್ಬಳೇ ಹಿಡಿಯಲು ನೋಡಿದಳು. ಅವಳ ಕೈ ಅಷ್ಟು ಉದ್ದವಿಲ್ಲ. ಕಣ್ಣಲ್ಲಿ ನೀರು ಬಂತು. ಅದು ಸೋಲಿನ ನೀರೋ ಸಿಟ್ಟಿನದೋ, ಎರಡೂ ಇರಬೇಕು.

ಮೇಲಿಂದ ಅಕ್ಕನ ದನಿ ಕೇಳಿಸುತ್ತಿತ್ತು. ಭಾನುವಾರದ ಮಾತನ್ನು ಗೋಡೆಗೆ ಒಪ್ಪಿಸುತ್ತಿದ್ದರು.

"ರೀ," ಎಂದಳು ನನ್ನ ಹೆಂಡತಿ, ಹಲ್ಲು ಕಚ್ಚಿಕೊಂಡು, "ಹೋಗಿ ಹೇಳಿ ಅವಳಿಗೆ. ಕೆಳಗೆ ಬಂದು ಒಂದು ಕೈ ಹಾಕು ಅಂತ."

ಅಭ್ಯಾಸಬಲದಿಂದ ನನ್ನ ಕಾಲು ಮೆಟ್ಟಿಲಿನ ಕಡೆ ಹೊರಟೇಬಿಟ್ಟಿತ್ತು. ಮೊದಲನೇ ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ತಿರುಗಿ ಕೆಳಗಿಟ್ಟೆ. ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ನಾನು ಹಟ ಮಾಡಿ, ಇವಳೂ ಹಟ ಮಾಡಿದರೆ, ಮಾವನ ಪುಸ್ತಕ ಬೀರು ಸೇರುತ್ತದೆ. ಆ ಪಾಪ ಯಾರ ತಲೆಗೆ?

"ನಾನು ಹೇಳಲ್ಲ" ಎಂದೆ.

"ಏನಂದ್ರಿ?"

"ಈ ರೂಟು ಬಂದ್ ಆಯ್ತು. ನಿನ್ನ ಅಕ್ಕ, ನೀನೇ ಕರಿ."

"ರೀ! ಅಂಟು ಆರ್ತಿದೆ!"

"ನನಗೂ ಕಾಣಿಸ್ತಿದೆ" ಎಂದು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮದುವೆಯಾದಂದಿನಿಂದ ನಾನು ಅವಳಿಗೆ ಇಷ್ಟು ನೆಟ್ಟಗೆ ಎದುರು ಹೇಳಿದ್ದು ಅದೇ ಮೊದಲು. ಅವಳು ನನ್ನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆ ಹೊತ್ತಿಕೊಳ್ಳಬೇಕಿತ್ತು. ಆಮೇಲೆ ಚರ್ಮ ನೋಡಿದಳು. ಸುಕ್ಕು ಇನ್ನೊಂದು ಬೆರಳಿನಷ್ಟು ಬೆಳೆದಿತ್ತು. ಕತ್ತು ಮೇಲಕ್ಕೆತ್ತಿದಳು. ಒಂದು ವರ್ಷ ಒಳಗೆ ಇಟ್ಟುಕೊಂಡಿದ್ದು ಒಂದೇ ಸಲ ಹೊರಗೆ ಬಂತು.

"ಅಕ್ಕಾ! ಬಾರೇ! ಅಪ್ಪನ ಪುಸ್ತಕ ಹೋಗ್ತಿದೆ, ನನ್ನ ಕೈಲಿ ಆಗ್ತಿಲ್ಲ, ಬಾರೇ ಅಕ್ಕಾ!"

ಮೇಲೆ ದನಿ ನಿಂತಿತು. ಕುರ್ಚಿ ಬಿದ್ದ ಸದ್ದಾಯಿತು. ಅಕ್ಕ ಮೆಟ್ಟಿಲಿಳಿದ ವೇಗ ನೋಡಿದರೆ, ಬಿದ್ದು ಕೈ ಮುರಿದುಕೊಳ್ಳುವ ಸರದಿ ಅವರದ್ದೇ ಆಗಬೇಕಿತ್ತು. ಬರಿಗಾಲು, ತಲೆಯಲ್ಲಿ ಪೆನ್ಸಿಲ್. ಬಾಗಿಲಲ್ಲಿ ನಿಂತು, ಪಾಪ, ಅವರಿಗೂ ಅಭ್ಯಾಸ, "ಏನಾಯ್ತಂತೆ ಕೇಳಿ ಕಂಡಕ್ಟ್ರೇ" ಎಂದರು.

ನಾನು ಸೂರಿನ ಜಂತಿ ಎಣಿಸತೊಡಗಿದೆ.

"ಅವರನ್ನೇನು ಕೇಳ್ತೀಯಾ, ನನ್ನನ್ನ ಕೇಳು" ಎಂದಳು ತಂಗಿ. "ಆ ಕಡೆ ಹಿಡಿ. ಉಂಗುರ ತೆಗಿ ಮೊದಲು."

ಅಕ್ಕ ಉಂಗುರ, ಗಡಿಯಾರ ಬಿಚ್ಚಿ ನನ್ನ ಮಡಿಲಿಗೆ ಎಸೆದರು. ಬಕೆಟ್ಟಿನಲ್ಲಿ ಕೈ ಅದ್ದಿ, ಸೀರೆಗೆ ಒರೆಸಿಕೊಂಡು, ಮೇಜಿನ ಆಚೆ ಕಡೆ ನಿಂತರು. ಇಸ್ತ್ರಿಪೆಟ್ಟಿಗೆ, ಹಲಗೆ ಎಲ್ಲ ಸರಿಸಿದರು. ಎರಡೂ ಅಂಗೈ ಚರ್ಮದ ಮೇಲಿಟ್ಟರು. ಗ್ರೀಕ್ ಕಲಿಸುವ ಕೈ ಅದೆಷ್ಟು ವರ್ಷದ ಮೇಲೆ ಆ ಮೇಜಿಗೆ ಬಂದಿತ್ತೋ. ಅದು ಏನನ್ನೂ ಮರೆತಿರಲಿಲ್ಲ.

"ಎತ್ತಿ ಮತ್ತೆ ಕೂರಿಸೋಣ. ನಾನು ಹೇಳಿದಾಗ" ಎಂದಳು ತಂಗಿ. "ಹೂಂ. ಈಗ."

ಇಬ್ಬರೂ ಚರ್ಮ ಎತ್ತಿದರು. ಇಬ್ಬರೂ ಒಟ್ಟಿಗೆ ಇಳಿಸಿದರು, ಒಟ್ಟಿಗೆ ಎಳೆದರು. ಸುಕ್ಕು ಮೆಲ್ಲಗೆ ಕರಗಿತು. ಬೆನ್ನಿನ ಹುರಿಗಳು ಒಂದೊಂದಾಗಿ ಚರ್ಮದಡಿಯಿಂದ ಮೂಡಿದವು.

"ಇನ್ನು ಬಿಡ್ಬೇಡ" ಎಂದಳು ತಂಗಿ.

"ನನಗೆ ಹೇಳಿಕೊಡ್ಬೇಡ" ಎಂದರು ಅಕ್ಕ.

ನೋಡಿ, ಅವಸ್ಥೆ ಹೇಗಾಯಿತು. ಅಂಟು ಕಚ್ಚುವವರೆಗೆ ಇಬ್ಬರೂ ಕೈ ಬಿಡುವಂತಿಲ್ಲ. ನಡುವೆ ಪುಸ್ತಕದ ಬೆನ್ನು, ಅದರ ಆಚೆ ಈಚೆ ಎರಡು ಮುಖ, ಮೊಳದ ಅಂತರ. ಮುಖ ತಿರುಗಿಸಿದರೆ ಕೈ ಅಲುಗುತ್ತದೆ. ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ. ಜಗಳವಾಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಆಡಿದರು.

"ಯಾಕೆ ಕೇಳ್ಲಿಲ್ಲ ನನ್ನ?" ಎಂದರು ಅಕ್ಕ.

"ಕೇಳಿದ್ರೆ ಹುಟ್ಟುಹಬ್ಬದ ಉಡುಗೊರೆ ಹೇಗೆ ಆಗುತ್ತೆ?"

"ಬರೆದಿದ್ದು ಕಾಣಿಸ್ಲಿಲ್ವಾ ನಿನಗೆ?"

"ಕಾಣಿಸ್ತು! ಮೊದಲ ಪುಟಗಳಲ್ಲಿ ಎಷ್ಟು ಅಚ್ಚುಕಟ್ಟಾಗಿ, ಅಂಚಿಂದ ದೂರ ಬರೆದಿದ್ದೆ. ಎಲ್ಲ ಕಡೆ ಹಾಗೇ ಅಂದುಕೊಂಡೆ. ಮುಂದೆ ಮುಂದೆ ಹೋಗ್ತಾ ಗದ್ದೆ ಬದು ಒತ್ತುವರಿ ಮಾಡಿದ ಹಾಗೆ ಅಂಚಿನವರೆಗೂ ಬರೆದಿದ್ದೀಯ ಅಂತ ನನಗೇನು ಕನಸು ಬಿದ್ದಿತ್ತಾ?"

"ಹೇಳೋದು ಜಾಸ್ತಿ ಆಯ್ತು ಕಣೆ, ವಯಸ್ಸಾದ ಹಾಗೆ!"

"ಒಂದು ಸಲ ಬೈದಿದ್ರೆ ಮುಗೀತಿತ್ತು. ಬೈಯದೆ ಮೇಲೆ ಹೋದೆ. ನಾನು ಇಲ್ಲಿ ಒಂದು ವರ್ಷ ಆ ಬೈಗುಳ ಕಾಯ್ತಾ ಕೂತಿದ್ದೀನಿ."

"ಬೈದಿದ್ರೆ ನೀನು ಅಳ್ತಿದ್ದೆ."

"ಈಗೇನು ನಗ್ತಿದ್ದೀನಾ?"

ನಿಜವಾಗಿಯೂ ಅವಳು ಅಳುತ್ತಿದ್ದಳು. ಅಕ್ಕನೂ ಅಳುತ್ತಿದ್ದರು. ಇಬ್ಬರಿಗೂ ಒರೆಸಿಕೊಳ್ಳಲು ಕೈಯಿಲ್ಲ.

"ಚರ್ಮದ ಮೇಲೆ ಬೀಳಿಸ್ಬೇಡ್ವೇ, ಕಲೆ ಆಗುತ್ತೆ!" ಎಂದು ತಂಗಿ ಕೂಗಿದಳು. "ರೀ, ಒರೆಸಿ ಅವಳ ಮುಖ!"

ಈ ಡ್ಯೂಟಿಗೆ ನಾನು ತಕರಾರು ಮಾಡಲಿಲ್ಲ. ಎಡಗೈಗೆ ಸಿಕ್ಕ ಬಟ್ಟೆ ತೆಗೆದುಕೊಂಡು ಅಕ್ಕನ ಕಣ್ಣು ಒರೆಸಿದೆ, ಆಮೇಲೆ ಹೆಂಡತಿಯದು. ಅದು ಅಂಟು ಒರೆಸುವ ಬಟ್ಟೆ ಎಂದು ನನಗೆ ತಿಳಿದದ್ದು ಇಬ್ಬರ ಹುಬ್ಬೂ ಬೆಳ್ಳಗಾದ ಮೇಲೆ. ಅಕ್ಕ ತಂಗಿಯನ್ನು ನೋಡಿದರು, ತಂಗಿ ಅಕ್ಕನನ್ನು ನೋಡಿದಳು. ಇಬ್ಬರಿಗೂ ಒಟ್ಟಿಗೆ ನಗು ಬಂತು. ನಕ್ಕರೆ ಕೈ ಅಲುಗುತ್ತದೆಂದು ತುಟಿ ಕಚ್ಚಿಕೊಂಡು, ಭುಜ ಕುಲುಕಿಸುತ್ತಾ, ಅಯ್ಯೋ ಅಯ್ಯೋ ಎನ್ನುತ್ತಾ ನಿಂತರು. ನನಗೂ ಕಣ್ಣು ತುಂಬಿತು. ನನ್ನ ಕಣ್ಣು ಒರೆಸುವವರು ಯಾರೂ ಇರಲಿಲ್ಲ. ಆ ಬಟ್ಟೆಯಿಂದ ಒರೆಸಿಕೊಳ್ಳುವ ಧೈರ್ಯ ನನಗಾಗಲಿಲ್ಲ.

"ತಪ್ಪಾಯ್ತು ಕಣೇ ಅಕ್ಕ" ಎಂದಳು ನನ್ನ ಹೆಂಡತಿ, ನಗು ನಿಂತ ಮೇಲೆ. "ಅದು ನಿನ್ನ ಇಡೀ ಆಯುಷ್ಯದ ಕೆಲಸ. ನಾನು ಕೇಳ್ಬೇಕಿತ್ತು."

"ನಾನೂ ಕೂಗಾಡ್ಬೇಕಿತ್ತು ಪುಟ್ಟಿ. ಮೇಲೆ ಹೋಗಿ ಕೂತಿದ್ದು ನನ್ನ ತಪ್ಪು."

ಪುಟ್ಟಿ ಎಂಬ ಹೆಸರು ಆ ಅಂಗಡಿಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಐವತ್ತು ದಾಟಿದ ನನ್ನ ಹೆಂಡತಿಯ ಮುಖ ಸ್ಟೂಲಿನ ಮೇಲೆ ನಿಂತ ಹುಡುಗಿಯ ಮುಖವಾಯಿತು.

ಅಂಟು ಕಚ್ಚಿತು. ಹುರಿಗಳ ಎರಡೂ ಬದಿಗೆ ದಾರ ಬಿಗಿದು, ಅಂಚು ಮಡಚಿ, ಹಲಗೆಗಳ ನಡುವೆ ಪುಸ್ತಕ ಮಲಗಿಸಿ, ಪ್ರೆಸ್ಸಿನ ಹಿಡಿಯನ್ನು ಇಬ್ಬರೂ ಸೇರಿ ತಿರುಗಿಸಿದರು. ಬೆನ್ನು ಹಗ್ಗ ಹಿಡಿದ ಹಾಗೆ ನೆಟ್ಟಗಿತ್ತು. ಬೈಬಲ್ ಬೀರು ಸೇರುವುದಿಲ್ಲ ಎಂದು ನನಗೆ ಖಾತರಿಯಾಯಿತು.

"ಮೇಲೆ ನೀನು ಇವರಿಗೆ ಹೇಳ್ತಿದ್ದದ್ದೆಲ್ಲ ನನಗೆ ಕೇಳಿಸ್ತಿತ್ತು" ಎಂದಳು ತಂಗಿ, ಕೈ ತೊಳೆಯುತ್ತಾ. "ಆ ಉದ್ದದ ಪದ. ಆ ಮಾರ್ಥ ಕಥೆಯಲ್ಲಿ ಆಮೇಲೆ ಏನಾಯ್ತು? ತಂಗಿ ಎದ್ದು ಹೋಗಿ ಕೈ ಹಾಕಿದ್ಲಾ?"

"ಬರೆದಿಲ್ಲ" ಎಂದರು ಅಕ್ಕ. "ಕಥೆ ಅಲ್ಲಿಗೇ ನಿಲ್ಲುತ್ತೆ. ಅದರ ಬಗ್ಗೆ ನಾನೇನೋ ಪಕ್ಕದಲ್ಲಿ ಬರೆದುಕೊಂಡಿದ್ದೆ." ಅವರ ಕಣ್ಣು ಮಹಡಿ ಕಡೆ ಹೋಯಿತು. ಏನು ಬರೆದಿದ್ದರೋ, ಅದರ ಬಾಲ ಎಂದೋ ಕಸದ ಜೊತೆ ಹೋಗಿತ್ತು. ಈಗ ಮತ್ತೆ ಹಳೆಯ ಮೌನ ಬಂದು ಕೂರುತ್ತದೆಯೋ ಎಂದು ನನಗೆ ಭಯವಾಯಿತು.

ನನ್ನ ಹೆಂಡತಿ ಕೈ ಒರೆಸಿಕೊಂಡು, ಕಪಾಟಿನಿಂದ ಬಳಸದ ತೆಳುಕಾಗದದ ಸುರುಳಿ ತೆಗೆದಳು. ಬೆಳಕಿಗೆ ಹಿಡಿದಳು.

"ಅಕ್ಕ, ನಿನ್ನ ಪುಸ್ತಕ ಕೆಳಗೆ ತಾ. ಹೊಲಿಗೆ ಬಿಚ್ಚಿಬಿಡ್ತೀನಿ. ಒಂದೊಂದು ಹಾಳೆಗೂ ಕತ್ತರಿಸಿದ ಕಡೆ ಈ ಕಾಗದ ಜೋಡಿಸ್ತೀನಿ. ಅಂಚು ಮೊದಲಿನಷ್ಟೇ ಅಗಲ ಆಗುತ್ತೆ. ಬಾಲ ನೀನು ಬರಿ."

"ಒಂದೊಂದು ಹಾಳೆಗೂ? ಅಷ್ಟು ಹಾಳೆ! ಎಷ್ಟು ವರ್ಷ ಹಿಡಿಯುತ್ತೋ ಪುಟ್ಟಿ."

"ಹಿಡೀಲಿ. ಆದ್ರೆ ಈ ಸಲ ನಾನೊಬ್ಬಳೇ ಮಾಡಲ್ಲ. ನೀನು ದಿನಾ ಬಂದು ನನ್ನೆದುರಿಗೆ ಕೂರ್ಬೇಕು."

"ಏನು ಬರೆದಿದ್ದೆ ಅಂತ ನನಗೇ ನೆನಪಿಲ್ದೆ ಇದ್ರೆ?"

"ನೆನಪಾಗೋವರೆಗೂ ಕಾಯ್ತೀನಿ. ಕಾಯೋದು ಅಭ್ಯಾಸ ಆಗಿದೆ ನನಗೆ."

ಅಕ್ಕ ನನ್ನ ಕಡೆ ನೋಡಿದರು. ತಂದುಕೊಡಿ ಕಂಡಕ್ಟ್ರೇ ಎನ್ನುತ್ತಾರೇನೋ ಎಂದು ನಾನು ಎದ್ದೇಬಿಟ್ಟಿದ್ದೆ. ಅನ್ನಲಿಲ್ಲ. ತಾವೇ ಮೆಟ್ಟಿಲು ಹತ್ತಿದರು. ಚಿನ್ನದ ಅಂಚಿನ ಆ ಪುಸ್ತಕ ಎದೆಗವಚಿಕೊಂಡು ಇಳಿದು ಬಂದು, ಮೇಜಿನ ಮೇಲಿಟ್ಟು, ಸ್ಟೂಲು ಎಳೆದುಕೊಂಡು ತಂಗಿಯ ಎದುರಿಗೆ ಕೂತರು.

"ಎಲ್ಲಿಂದ ಶುರು ಮಾಡೋಣ?" ಎಂದರು.

ತಂಗಿ ಹೊಲಿಗೆ ಬಿಚ್ಚುವ ಚೂರಿ ಎತ್ತಿಕೊಂಡಳು. ಹಿಡಿಯನ್ನು ಅಕ್ಕನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟಳು.

"ನಾನು ಎಲ್ಲಿ ಜಾಸ್ತಿ ಕತ್ತರಿಸಿದ್ದೀನೋ ಅಲ್ಲಿಂದ" ಎಂದಳು.